ಪತ್ತೇದಾರಿ ಓದುಗರು ಮತ್ತು ತಾಳಿಕೋಟೆಯ ರಹಸ್ಯ

ಪತ್ತೇದಾರಿ ಕಾದಂಬರಿಗಳ ಮಾತು ತೆಗೆದರೆ ಸಾಕು, ನಮ್ಮ ಕಡೆಯ ಓದುಗರು ಎರಡು ಪಂಗಡವಾಗುತ್ತಾರೆ. ಹಿರಿಯರಿಗೆ ಹಳೆಯವೇ ಚೆಂದ. ಒಂದು ಖೂನಿ, ನಾಲ್ಕು ಮಂದಿಯ ಮೇಲೆ ಗುಮಾನಿ, ಕೊನೆಯ ಪುಟದಲ್ಲಿ ಉತ್ತರ. ಕಾಲೇಜಿಗೆ ಹೋಗುವ ಹುಡುಗರಿಗೆ ಅವು ಮಕ್ಕಳ ಕಥೆ. ಈಗಿನ ರಹಸ್ಯ ಕಾದಂಬರಿಗಳನ್ನು ಓದಿದರೆ ಇತಿಹಾಸವೂ ತಿಳಿಯುತ್ತದೆ ಎಂಬುದು ಅವರ ವಾದ. ಬೇರೆ ಊರುಗಳಲ್ಲಿ ಇದು ರುಚಿಯ ಜಗಳವಾಗಿ ಮುಗಿಯಬಹುದು. ತಾಳಿಕೋಟೆಯಲ್ಲಿ ಹಾಗಲ್ಲ. ಹೊಸ ಕಾದಂಬರಿಗಳು ಕೆದಕುವ ಇತಿಹಾಸಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿದೆ.

ಮೊದಲು ಹಳೆಯ ಓದುಗರ ಕಥೆ ನೋಡೋಣ. ಮನೆಯಲ್ಲಿ ದಖನಿ, ಬಜಾರಿನಲ್ಲಿ ಕನ್ನಡ ಆಡುವ ನಮ್ಮ ಜನಕ್ಕೆ ಎರಡೂ ಕಡೆಯಿಂದ ಜಾಸೂಸರು ಬಂದರು. 1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲೆ ಶುರುವಾಯಿತು. ಬರೆದವರು ಅಸ್ರಾರ್ ಅಹ್ಮದ್. ಓದುಗರಿಗೆ ಅವರು ಇಬ್ನೆ ಸಫಿ. ಅಶ್ಲೀಲವಿಲ್ಲದೆ ಉರ್ದುವಿನಲ್ಲಿ ಪುಸ್ತಕ ಮಾರಾಟವಾಗುವುದಿಲ್ಲ ಎಂಬ ಮಾತಿಗೆ ಸವಾಲಾಗಿ ಅವರು ಪತ್ತೇದಾರಿ ಬರವಣಿಗೆಗೆ ಇಳಿದರೆಂದು ಪ್ರತೀತಿ. ಅದೇ ವರ್ಷ ಅವರು ಕರಾಚಿಗೆ ಹೋದರು. ಆದರೆ ಅವರ ಕಾದಂಬರಿಗಳು ಅಲಹಾಬಾದಿನಿಂದಲೂ ಹೊರಬರುತ್ತಲೇ ಇದ್ದವು. ಗಡಿ ಆ ಓದುಗರನ್ನು ಎರಡು ಮಾಡಲಿಲ್ಲ.

ಇಬ್ನೆ ಸಫಿ ಓದುಗರ ಅಭಿಪ್ರಾಯಕ್ಕೆ ಬೆಲೆ ಕೊಡುತ್ತಿದ್ದರು. ಕಾದಂಬರಿಯ ಆರಂಭದಲ್ಲಿ 'ಪೇಶ್‌ರಸ್' ಎಂಬ ಮುನ್ನುಡಿಯಲ್ಲಿ ಓದುಗರ ಪತ್ರಗಳಿಗೆ ಉತ್ತರ ಕೊಡುವುದು ಅವರ ರೂಢಿ. 1960ರಿಂದ ಮೂರು ವರ್ಷ ಅವರು ತೀವ್ರ ಮಾನಸಿಕ ಕಾಯಿಲೆಯಿಂದ ಬಳಲಿ ಏನನ್ನೂ ಬರೆಯಲಾಗಲಿಲ್ಲ. ಅವರ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡು ಬೇರೆಯವರು ಬರೆದರು. ಓದುಗರು ಅಸಲಿಗಾಗಿ ಕಾದರು. 1963ರಲ್ಲಿ 'ದೇಢ್ ಮತ್ವಾಲೇ' ಬಂದಾಗ ಮುಗಿಬಿದ್ದು ಕೊಂಡರು.

ಇನ್ನೊಂದು ಸಂಗತಿ ಇಲ್ಲಿ ನೆನಪಿಡಬೇಕು. ಈ ಕಾದಂಬರಿಗಳು ಹಿಂದಿಗೆ ಬಂದಾಗ ಕರ್ನಲ್ ಫರೀದಿ 'ವಿನೋದ್' ಆದ, ಇಮ್ರಾನ್ 'ರಾಜೇಶ್' ಆದ. ಸಹಾಯಕ ಹಮೀದ್ ಮಾತ್ರ ಹಮೀದನಾಗಿಯೇ ಉಳಿದ. ಫರೀದಿಯನ್ನು ಮೆಚ್ಚಿದವರೂ ವಿನೋದನನ್ನು ಮೆಚ್ಚಿದವರೂ ಮೆಚ್ಚಿದ್ದು ಒಬ್ಬನನ್ನೇ. ಹೆಸರು ಬದಲಾದರೂ ಅವನ ತರ್ಕ ಬದಲಾಗಲಿಲ್ಲ. ಸಬೂತು ಇಲ್ಲದೆ ಅವನು ಯಾರಿಗೂ ಕೈಕೋಳ ತೊಡಿಸಲಿಲ್ಲ.

ಕನ್ನಡದ ಕಡೆ ಇದೇ ಕಾಲಕ್ಕೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹುಟ್ಟಿದ. ಅವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರರ ಆಸುಪಾಸು ಕಾದಂಬರಿಗಳು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರನ್ನು ಓದಿಯೇ ಕನ್ನಡ ಓದಿನ ಚಟ ಹತ್ತಿಸಿಕೊಂಡ ತಲೆಮಾರುಗಳೇ ಆಗಿಹೋಗಿದ್ದವು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. 'ಬಂಗಾರದ ಮನುಷ್ಯ' ಬರೆದ ಟಿ.ಕೆ. ರಾಮರಾವ್ 'ಸೀಳು ನಕ್ಷತ್ರ'ದಂಥ ಕುತೂಹಲದ ಕಾದಂಬರಿಗಳನ್ನೂ ಬರೆದರು. ವಿಮರ್ಶಕರು ಇದನ್ನೆಲ್ಲ ಸಾಹಿತ್ಯವೆಂದು ಎಣಿಸಲಿಲ್ಲ. ಓದುಗರಿಗೆ ಅದರ ಪರಿವೆಯೂ ಇರಲಿಲ್ಲ. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು ರಾತ್ರಿಯೇ ಮುಗಿಸಿ, ಬೆಳಿಗ್ಗೆ ಮರಳಿಸುತ್ತಿದ್ದರು.

ಆ ಓದುಗರನ್ನು ಕೇಳಿದರೆ ಕಥೆಯನ್ನು ಮರೆತಿರುತ್ತಾರೆ, ಒಂದು ಪಾಠವನ್ನು ಮರೆತಿರುವುದಿಲ್ಲ: 'ಮೊದಲು ಗುಮಾನಿ ಬಂದವನು ಖೂನಿ ಮಾಡಿರುವುದಿಲ್ಲ.' ಹಗುರ ಮಾತೆನಿಸಿದರೂ ಇದು ದೊಡ್ಡ ತರಬೇತಿ. ಹಳೆಯ ಪತ್ತೇದಾರಿ ಕಾದಂಬರಿ ಓದುಗನಿಗೆ ಕಲಿಸಿದ್ದು ತಾಳ್ಮೆ.

ಆ ತಾಳ್ಮೆ ಸಮಾಜದಲ್ಲಿ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ತೋರಿಸಿತು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲಿ ಏಲಕ್ಕಿ ಬೆಳೆಯ ಕುಸಿತವನ್ನು ತನಿಖೆ ಮಾಡಲು ಒಬ್ಬ ಪತ್ತೇದಾರ ಕೆಸರೂರಿಗೆ ಬರುತ್ತಾನೆ. ಊರಿನಲ್ಲಿ ರಫಿ ಮತ್ತು ಜಯಂತಿಯ ಪ್ರೇಮದ ಸುತ್ತ ಗಾಳಿಸುದ್ದಿ ಬೆಳೆದು ಬೆಂಕಿಯಾಗುತ್ತದೆ. ತನಿಖೆ ಹಿಂದೆ ಬೀಳುತ್ತದೆ. ಸಬೂತಿಗಿಂತ ಗಾಳಿಸುದ್ದಿ ವೇಗವಾಗಿ ಓಡುತ್ತದೆ.

ಈಗ ಹೊಸ ಕಾದಂಬರಿಗಳಿಗೆ ಬರೋಣ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಕನ್ನಡದ ರಹಸ್ಯ ಕಾದಂಬರಿಗೆ ಹೊಸ ದಾರಿ ತೆರೆದರು. ಶಾಸನ, ಶಿಲ್ಪ, ನಕ್ಷೆಗಳೇ ಅಲ್ಲಿ ಸುಳಿವುಗಳು. ಆಧಾರಗ್ರಂಥಗಳ ಹೆಸರು, ಚಿತ್ರಗಳು ಕಾದಂಬರಿಯೊಳಗೇ ಬರುತ್ತವೆ. ಅವರ 'ಕರಿಸಿರಿಯಾನ'ಕ್ಕೆ ಬೀಜವಾದದ್ದು ವಿಜಯನಗರದ ಸಂಪತ್ತು ಎಲ್ಲಿ ಹೋಯಿತೆಂಬ ಪ್ರಶ್ನೆ. ಯುದ್ಧದಲ್ಲಿ ಸೋತ ಮೇಲೆ ರಾಮರಾಯನ ತಮ್ಮ ತಿರುಮಲ 550 ಆನೆಗಳ ಮೇಲೆ ಸಂಪತ್ತು ಹೇರಿಕೊಂಡು ಪೆನುಕೊಂಡೆಯ ಕಡೆ ಹೊರಟನೆಂದು ರಾಬರ್ಟ್ ಸೀವೆಲ್ 1900ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಇಂಥ ಸಂಗತಿಯನ್ನು ಕಾದಂಬರಿಕಾರ ಬಿಡುವುದಾದರೂ ಹೇಗೆ?

ಯುವಕರು ಇಂಥವನ್ನು ಓದಿ ಹಂಪಿಗೆ ಹೋಗುತ್ತಾರೆ, ಶಾಸನ ಹುಡುಕುತ್ತಾರೆ. ಇದು ಸಂತೋಷದ ವಿಷಯ. ತೊಡಕು ಬೇರೆ ಕಡೆ ಇದೆ. ಹಳೆಯ ಕಾದಂಬರಿ ಮುಗಿದಾಗ ಅದು ಕಥೆಯೆಂದು ಎಲ್ಲರಿಗೂ ಗೊತ್ತಿತ್ತು. ಹೊಸದು ಮುಗಿದಾಗ ಕಥೆ ಎಲ್ಲಿ ನಿಂತಿತು, ಚರಿತ್ರೆ ಎಲ್ಲಿ ಶುರುವಾಯಿತು ಎಂಬ ಗೆರೆ ಕೆಲವು ಓದುಗರಲ್ಲಿ ಅಳಿಸಿಹೋಗುತ್ತದೆ. ಅದು ಲೇಖಕರ ತಪ್ಪಲ್ಲ. ಆದರೆ ಕಾದಂಬರಿಯಲ್ಲಿ ಓದಿದ್ದನ್ನು ಚರಿತ್ರೆಯೆಂದು ವಾದಿಸುವಾಗ ಅದರ ಬಿಸಿ ತಾಗುವುದು ಬದುಕಿರುವ ಜನಕ್ಕೆ.

ಹಾಗಾದರೆ ಹಳೆಯ ಪತ್ತೇದಾರನ ಕ್ರಮದಲ್ಲೇ ತಾಳಿಕೋಟೆಯ ಪ್ರಕರಣವನ್ನು ಒಮ್ಮೆ ನೋಡೋಣ.

ಮೊದಲನೆಯದು ಘಟನೆ ನಡೆದ ಜಾಗ. 1564ರ ಡಿಸೆಂಬರಿನಲ್ಲಿ ವಿಜಾಪುರ, ಅಹ್ಮದನಗರ, ಗೋಲ್ಕೊಂಡ, ಬೀದರಿನ ಸೈನ್ಯಗಳು ಡೋಣಿ ದಂಡೆಯ ತಾಳಿಕೋಟೆಯಲ್ಲಿ ಸೇರಿದ್ದು ನಿಜ. ಆದರೆ 1565ರ ಜನವರಿ 23ರ ಕದನ ನಡೆದದ್ದು ಇಲ್ಲಿಂದ ದೂರ, ಕೃಷ್ಣೆಯ ಆಸುಪಾಸಿನಲ್ಲಿ. ರಕ್ಕಸಗಿ, ತಂಗಡಗಿ ಹಳ್ಳಿಗಳ ಹೆಸರಿನಿಂದ ಅದನ್ನು ರಕ್ಕಸ-ತಂಗಡಿ ಯುದ್ಧ ಎನ್ನುತ್ತಾರೆ. ಕಣ ನಿಖರವಾಗಿ ಎಲ್ಲಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ತಾಳಿಕೋಟೆಗೆ ಹೆಸರು ಮಾತ್ರ ಉಳಿಯಿತು.

ಎರಡನೆಯದು ಕಾರಣ. 'ಹಿಂದೂ ಸಾಮ್ರಾಜ್ಯದ ಮೇಲೆ ಮುಸ್ಲಿಂ ಒಕ್ಕೂಟ' ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಆದರೆ ರಾಮರಾಯ ಮೊದಲು ಚಾಕರಿ ಮಾಡಿದ್ದು ಗೋಲ್ಕೊಂಡದಲ್ಲಿ ಎಂಬ ಉಲ್ಲೇಖವಿದೆ. ಅವನ ವಿರುದ್ಧ ಬಂದ ಇಬ್ರಾಹಿಂ ಕುತುಬ್ ಶಾಹ 1543ರಿಂದ 1550ರ ತನಕ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ವಿಜಾಪುರದ ಅಲಿ ಆದಿಲ್ ಶಾಹ ರಾಮರಾಯನ ಮಗ ಸತ್ತಾಗ ಸಂತಾಪ ಹೇಳಲು ವಿಜಯನಗರಕ್ಕೆ ಹೋಗಿದ್ದ. ಇಬ್ಬರೂ ಸೇರಿ ಅಹ್ಮದನಗರದ ಮೇಲೆ ದಂಡೆತ್ತಿದ್ದರು. ಮುಂದೆ ಅಹ್ಮದನಗರದ ಚಾಂದ್ ಬೀಬಿಯನ್ನು ಅಲಿ ಮದುವೆಯಾದ. ಸೊಲ್ಲಾಪುರದ ಕೋಟೆ ಅವಳ ಜೊತೆ ಬಂತು. ಕೋಟೆ, ಬೀಗತನ, ಅವಮಾನ, ಭಯ ಎಲ್ಲವೂ ಈ ಕಡತದಲ್ಲಿವೆ. ಗಿರೀಶ ಕಾರ್ನಾಡರು 2018ರ 'ರಾಕ್ಷಸ-ತಂಗಡಿ' ನಾಟಕದಲ್ಲಿ ಮುಂದಿಟ್ಟದ್ದು ಈ ಬಗೆಯ ಹಮ್ಮು ಮತ್ತು ಲೆಕ್ಕಾಚಾರಗಳನ್ನೇ.

ಮೂರನೆಯದು ಸಾಕ್ಷಿಗಳು. ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ಸರದಾರರು ದ್ರೋಹ ಬಗೆದರೆಂಬ ಮಾತು ಬಂದದ್ದು 1567ರಲ್ಲಿ ವಿಜಯನಗರದಲ್ಲಿ ತಂಗಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್‌ನಿಂದ. ಕದನ ಮುಗಿದು ಎರಡು ವರ್ಷವಾಗಿತ್ತು. ಅವನು ಅದನ್ನು ಕಂಡವನಲ್ಲ, ಕೇಳಿದವನು. ಆ ಸರದಾರರ ಹೆಸರನ್ನೂ ಕೊಟ್ಟಿಲ್ಲ. ವಿಜಾಪುರದಲ್ಲಿದ್ದು ಚರಿತ್ರೆ ಬರೆದ ಫರಿಷ್ತಾ ತಾಮ್ರದ ನಾಣ್ಯ ತುಂಬಿ ಹಾರಿಸಿದ ತೋಪುಗಳ ಬಗ್ಗೆ, ಪಲ್ಲಕ್ಕಿ ಹೊತ್ತವರು ಓಡಿಹೋಗಿ ರಾಮರಾಯ ಸೆರೆಸಿಕ್ಕಿದ್ದರ ಬಗ್ಗೆ ಬರೆಯುತ್ತಾನೆ. ದ್ರೋಹದ ಕಥೆಯನ್ನು ಹೇಳುವುದಿಲ್ಲ. ಅವನೂ ಗೆದ್ದವರ ಆಸ್ಥಾನದವನು, ಆದ್ದರಿಂದ ಅವನ ಮಾತನ್ನೂ ಸಂಶಯದಿಂದಲೇ ಕೇಳಬೇಕು.

ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರು ಹೊಸಬರೇನೂ ಅಲ್ಲ. ಇಮ್ಮಡಿ ದೇವರಾಯನ ಕಾಲದಲ್ಲೇ ಅವರಿದ್ದರು. ಅವನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಅರಸನ ಪುಣ್ಯಾರ್ಥವಾಗಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿದೆ. ಅದರ ಶಾಸನ ಕನ್ನಡದಲ್ಲಿದ್ದು, ಕಟ್ಟಡವನ್ನು ಧರ್ಮಸಾಲೆ ಎಂದು ಕರೆಯುತ್ತದೆ. 1565ರಲ್ಲಿ ಇಬ್ಬರು ದ್ರೋಹ ಮಾಡಿದ್ದರೂ ಇರಬಹುದು. ಮಾಡಿದ್ದೇ ಆದರೂ ಅದು ಇಬ್ಬರ ಅಪರಾಧ. ಹೆಸರಿನಿಂದಲೇ ಅಪರಾಧಿಯನ್ನು ಗುರುತಿಸುವುದನ್ನು ಫರೀದಿಯೂ ಒಪ್ಪುತ್ತಿರಲಿಲ್ಲ, ಪುರುಷೋತ್ತಮನೂ ಒಪ್ಪುತ್ತಿರಲಿಲ್ಲ.

ಹಳೆಯದು ಚೆಂದವೋ ಹೊಸದು ಚೆಂದವೋ ಎಂಬ ಜಗಳ ನಡೆಯುತ್ತಲೇ ಇರಲಿ, ಅದರಿಂದ ಓದು ಬೆಳೆಯುತ್ತದೆ. ಹೊಸ ಕಾದಂಬರಿ ಓದುವ ಹುಡುಗರು ಹಿರಿಯರಿಂದ ಆ ಒಂದು ಗುಣವನ್ನಷ್ಟೇ ಪಡೆದುಕೊಳ್ಳಲಿ. ಪುಸ್ತಕದ ಕೊನೆಯಲ್ಲಿ ಆಧಾರಗ್ರಂಥಗಳ ಹೆಸರಿದ್ದರೆ ಅದನ್ನು ತೀರ್ಪೆಂದು ತಿಳಿಯದೆ, ತನಿಖೆಗೆ ಹೊರಡುವ ವಿಳಾಸವೆಂದು ತಿಳಿಯಲಿ. ತಾಳಿಕೋಟೆಯ ಕಡತ ಇನ್ನೂ ತೆರೆದೇ ಇದೆ.