43 ಸೆಕೆಂಡು, ಎರಡು ಕಿರ್ದಿ

2018ರ ಅಕ್ಟೋಬರ್ 21. ಅಮೆರಿಕದ ಪೂರ್ವ ಕರಾವಳಿಯಲ್ಲಿ ಗಿಟ್‌ಹಬ್‌ನ ಸಿಬ್ಬಂದಿ ಕೆಡುತ್ತಿದ್ದ ಆಪ್ಟಿಕಲ್ ಉಪಕರಣವೊಂದನ್ನು ಬದಲಾಯಿಸುತ್ತಿದ್ದರು. ಆಗ ಅಲ್ಲಿನ ನೆಟ್‌ವರ್ಕ್ ಕೇಂದ್ರಕ್ಕೂ ಮುಖ್ಯ ಡೇಟಾ ಸೆಂಟರ್‌ಗೂ ನಡುವಿನ ಸಂಪರ್ಕ 43 ಸೆಕೆಂಡು ಕಡಿಯಿತು. ಸೇವೆ ಪೂರ್ತಿ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ.

ಜಗತ್ತಿನ ಪ್ರೋಗ್ರಾಮರ್‌ಗಳು ಬರೆದ ಕೋಡ್‌ಗೆ ಇಲ್ಲಿ ಧಕ್ಕೆಯಾಗಲಿಲ್ಲ. ಆದರೆ ಅದರ ಸುತ್ತಲಿನ ಚರ್ಚೆ, ದೂರು, ತಿದ್ದುಪಡಿಯ ಕೋರಿಕೆಗಳೆಲ್ಲ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿದ್ದವು. ಡೇಟಾಬೇಸಿನ ಮುಖ್ಯ ಸರ್ವರ್ ಪ್ರತಿ ಬದಲಾವಣೆಯನ್ನೂ ಅಂಗಡಿಯ ಕಿರ್ದಿಯಂತೆ ಒಂದು ಲಾಗ್‌ನಲ್ಲಿ ಬರೆದಿಡುತ್ತದೆ. ಮೀಸಲು ಸರ್ವರ್‌ಗಳು ಅದನ್ನು ತರಿಸಿಕೊಂಡು, ಅದೇ ಕ್ರಮದಲ್ಲಿ ತಮ್ಮಲ್ಲಿ ನಕಲು ಮಾಡುತ್ತವೆ. ಇದೇ ರೆಪ್ಲಿಕೇಶನ್. ದೂರದ ಊರಿನ ನಕಲಿಗಾಗಿ ಪ್ರತಿ ಸಲವೂ ಕಾಯುತ್ತ ಕೂತರೆ ಕೆಲಸ ನಿಧಾನವಾಗುತ್ತದೆ. ಕಾಯದಿದ್ದರೆ ಕೊನೆಯ ಕೆಲವು ಸಾಲುಗಳು ದಾರಿಯಲ್ಲೇ ಉಳಿಯಬಹುದು.

ಆ ದಿನ ಆದದ್ದೂ ಅದೇ. ಯಾವ ಸರ್ವರ್ ಮುಖ್ಯ ಎಂದು ತೀರ್ಮಾನಿಸುವ ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶಕ್ಕೆ ಪೂರ್ವದ ಡೇಟಾ ಸೆಂಟರ್ ಕಾಣಿಸಲಿಲ್ಲ. ಸತ್ತ ಯಂತ್ರಕ್ಕೂ ಕಡಿದ ತಂತಿಗೂ ಹೊರಗಿನಿಂದ ವ್ಯತ್ಯಾಸ ತಿಳಿಯದು. ಉಳಿದೆಡೆಯ ಅದರ ಘಟಕಗಳು ಬಹುಮತದಿಂದ ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಪಟ್ಟ ಕಟ್ಟಿದವು. ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಸಾಲುಗಳಿದ್ದವು. ಪಶ್ಚಿಮದಲ್ಲಿ ಹೊಸ ಸಾಲುಗಳು ಸೇರತೊಡಗಿದವು. ಒಂದೇ ಅಂಗಡಿಗೆ ಎರಡು ಕಿರ್ದಿ!

ಸಿಬ್ಬಂದಿಗೆ ಇದು ಸ್ಪಷ್ಟವಾಗುವಷ್ಟರಲ್ಲಿ ಪಶ್ಚಿಮದಲ್ಲಿ ಸುಮಾರು 40 ನಿಮಿಷಗಳ ಬರವಣಿಗೆ ಸೇರಿತ್ತು. ತಕ್ಷಣ ಪೂರ್ವಕ್ಕೆ ಮರಳಿದರೆ ಅದು ಹೋಗುತ್ತಿತ್ತು. ಸೇವೆ ಕುಂಟಿದರೂ ಸರಿ, ಬಳಕೆದಾರರ ಮಾಹಿತಿ ಉಳಿಯಲಿ ಎಂದು ಅವರು ನಿರ್ಧರಿಸಿದರು. ಕೆಲವು ಸೌಲಭ್ಯಗಳನ್ನು ನಿಲ್ಲಿಸಿ, ಬ್ಯಾಕಪ್‌ನಿಂದ ಪೂರ್ವದ ಸರ್ವರ್‌ಗಳನ್ನು ಮತ್ತೆ ಕಟ್ಟಿ, ಪಶ್ಚಿಮದ ಸಾಲುಗಳನ್ನು ಅವುಗಳಿಗೆ ನಕಲು ಮಾಡಿದ ಮೇಲೆ ಮುಖ್ಯ ಸ್ಥಾನವನ್ನು ಹಿಂದಿರುಗಿಸಿದರು. ಹಲವು ಟೆರಾಬೈಟ್‌ಗಳ ಬ್ಯಾಕಪ್ ದೂರದ ಕ್ಲೌಡ್‌ನಿಂದ ಬರಬೇಕಿದ್ದರಿಂದ ಗಂಟೆಗಳೇ ಕಳೆದವು. ಪೂರ್ವದಲ್ಲೇ ಉಳಿದಿದ್ದ ಸಾಲುಗಳನ್ನು, ಅತಿ ಹೆಚ್ಚು ಕೆಲಸವಿದ್ದ ಒಂದು ಕ್ಲಸ್ಟರ್‌ನಲ್ಲಿ ಅವು 954, ಆಮೇಲೆ ತಾಳೆ ನೋಡಲೆಂದು ತೆಗೆದಿಟ್ಟರು.

ಆರ್ಕೆಸ್ಟ್ರೇಟರ್ ಹೇಳಿದ್ದನ್ನೇ ಮಾಡಿತ್ತು. ಹಾಗಾಗಿ ಒಂದು ಪ್ರದೇಶದ ಗಡಿ ದಾಟಿ ಪಟ್ಟ ಕಟ್ಟದಂತೆ ಗಿಟ್‌ಹಬ್ ಅದರ ನಿಯಮವನ್ನೇ ಬದಲಿಸಿತು. ಮೀಸಲು ಸರ್ವರ್ ಇಡುವುದು ಇಂದು ಅರ್ಧ ದಿನದ ಕೆಲಸ. ಹಳೆಯದು ನಿಜಕ್ಕೂ ಸತ್ತಿದೆಯೆಂದು ಯಾರು ಹೇಳಬೇಕು, ಹೇಳುವ ಮುನ್ನ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮೊದಲೇ ಬರೆದಿಡುವುದೇ ಕಷ್ಟದ ಕೆಲಸ.