ಆಶ್ರಯ ಮತ್ತು ನೆಲೆ: ಕಲ್ಯಾಣ ಶಿಬಿರವನ್ನು ಕುರಿತು ಒಂದು ಟಿಪ್ಪಣಿ

ಥಾಣೆಯಿಂದ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ತಾಮ್ರಶಾಸನಗಳಲ್ಲಿ ‘ಶರಣಾಗತವಜ್ರಪಂಜರ’ ಎಂಬ ಬಿರುದು ಬರುತ್ತದೆ. ಕನ್ನಡ ಶಾಸನಗಳ ಅಭ್ಯಾಸಿಗಳಿಗೂ ಇದು ಪರಿಚಿತವಾದುದೇ. ಶರಣು ಬಂದವರಿಗೆ ಅಭೇದ್ಯವಾದ ರಕ್ಷಣೆ ನೀಡುವವನು ಎಂಬುದು ಇದರ ತಾತ್ಪರ್ಯ. ಆದರೆ ಪಂಜರವು ಕಾಯುವಂತೆಯೇ ಕಟ್ಟಿಯೂ ಹಾಕಬಲ್ಲದು. ಕಲಹಗಳಿಂದ ನೆಲೆ ತಪ್ಪಿದವರಿಗೆ ದೊರೆಯುವ ನೆರವನ್ನು ಈ ಎರಡು ಮುಖಗಳಿಂದಲೂ ಪರಿಶೀಲಿಸಬೇಕೆಂದು ನಾವು ಭಾವಿಸುತ್ತೇವೆ.

ಬೇಲಾಪುರವನ್ನೊಳಗೊಂಡ ಇದೇ ಥಾಣೆ ಜಿಲ್ಲೆಯ ಕಲ್ಯಾಣದ ಬಳಿ ಎರಡನೆಯ ಮಹಾಯುದ್ಧಕಾಲದ ಸೈನಿಕ ಶಿಬಿರವಿತ್ತು. ದೇಶವಿಭಜನೆಯ ಬಳಿಕ, ವಿಶೇಷವಾಗಿ 1948ರ ಜನವರಿಯ ಕರಾಚಿ ಗಲಭೆಯ ತರುವಾಯ, ಹಡಗುಗಳಲ್ಲಿ ಮುಂಬಯಿಗೆ ಬಂದಿಳಿದ ಸಿಂಧಿ ಕುಟುಂಬಗಳಿಗೆ ಅಲ್ಲಿಯ ಬ್ಯಾರಕ್ಕುಗಳೇ ಮನೆಗಳಾದವು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅದಕ್ಕೆ ಉಲ್ಹಾಸನಗರವೆಂದು ಹೆಸರಿಟ್ಟರು. ಸಂವಿಧಾನದ 6ನೆಯ ವಿಧಿ ವಲಸೆ ಬಂದವರಿಗೆ ಪೌರತ್ವದ ದಾರಿ ತೆರೆಯಿತು. 1954ರ ಕಾಯಿದೆ ಬಿಟ್ಟುಬಂದ ಆಸ್ತಿಗೆ ಪರಿಹಾರ ಒದಗಿಸಿತು. ಗೇಣಿ ಕೂಲಿಗಳಿಂದ ಬದುಕಿದ್ದವರಿಗೆ ಆಸ್ತಿಯ ಈ ಅಳತೆ ಅನುಕೂಲವಾದುದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೂ ದುಡಿಯುವ, ಕೊಳ್ಳುವ, ಶಾಶ್ವತವಾಗಿ ನಿಲ್ಲುವ ಹಕ್ಕು ಎಲ್ಲರಿಗೂ ಇದ್ದುದರಿಂದ ಶಿಬಿರವು ವ್ಯಾಪಾರದ ಪಟ್ಟಣವಾಯಿತು. ‘ಕ್ಯಾಂಪ್’ ಎಂಬ ಮಾತು ಇಂದು ಅಲ್ಲಿ ವಿಳಾಸದಲ್ಲಿ ಮಾತ್ರ ಉಳಿದಿದೆ.

ಇದಕ್ಕೆ ಪ್ರತಿಯಾಗಿ ರಾಮೇಶ್ವರದ ಸಮೀಪದ ಮಂಡಪಂ ಶಿಬಿರವನ್ನು ನೋಡಬಹುದು. ಸಿಂಹಳದ ತೋಟಗಳಿಗೆ ಹೋಗುವ ಕೂಲಿಗಳ ತಪಾಸಣೆಗೆಂದು ಇದ್ದ ಆ ಸ್ಥಳವು 1983ರ ನಂತರ ಶ್ರೀಲಂಕಾದ ಅಂತರ್ಯುದ್ಧದಿಂದ ಓಡಿಬಂದ ತಮಿಳರ ಆಶ್ರಯವಾಯಿತು. ಯುದ್ಧವು 2009ರಲ್ಲಿ ಮುಗಿಯಿತು. ತಮಿಳುನಾಡಿನ 100ಕ್ಕೂ ಮಿಕ್ಕ ಶಿಬಿರಗಳಲ್ಲಿ 50,000ಕ್ಕೂ ಹೆಚ್ಚು ಜನರು ಅದಾದ ಮೇಲೂ ಉಳಿದರು. ಅಲ್ಲಿ ಅಕ್ಕಿಯುಂಟು, ಮಾಸಿಕ ಧನಸಹಾಯವುಂಟು. 2021ರಲ್ಲಿ ‘ಪುನರ್ವಸತಿ ಶಿಬಿರ’ವೆಂಬ ಹೊಸ ಹೆಸರೂ ಬಂದಿತು. ಆದರೆ ಅಲ್ಲಿಯೇ ಹುಟ್ಟಿ ಬೆಳೆದವರಲ್ಲಿಯೂ ಬಹುಪಾಲು ಜನರಿಗೆ ಪೌರತ್ವ ದೊರೆತಿಲ್ಲ. 2019ರ ಪೌರತ್ವ ತಿದ್ದುಪಡಿಯಲ್ಲಿ ಶ್ರೀಲಂಕಾ ಸೇರಿಲ್ಲ. ನಿರಾಶ್ರಿತರಿಗೆಂದೇ ರೂಪಿಸಿದ ಕಾನೂನು ನಮ್ಮ ದೇಶದಲ್ಲಿಲ್ಲ.

ಎರಡೂ ಕಡೆ ಬೇರೊಂದು ಉದ್ದೇಶದ ಕಟ್ಟಡಗಳು ಆಶ್ರಯಗಳಾದವು. ಎರಡೂ ಕಡೆ ಅನ್ನ ದೊರೆಯಿತು. ಭೇದವಿರುವುದು ಹಕ್ಕಿನಲ್ಲಿ. ಆದುದರಿಂದ ನೆರವಿನ ಸಾರ್ಥಕ್ಯವನ್ನು ಹಂಚಿದ ಧಾನ್ಯದಿಂದಲ್ಲ, ಅದನ್ನು ಬೇಡದೆ ಬದುಕಲು ತೆರೆದ ದಾರಿಯಿಂದ ಅಳೆಯಬೇಕಾಗುತ್ತದೆ.