ಕೂಡಿ ಮಾರಿದವರ ಮೂವತ್ತು ವರ್ಷ

ಆನ್‌ಲೈನ್ ಮಾರಾಟ ಎಂದೊಡನೆ ಕಣ್ಮುಂದೆ ಬರುವುದು ದೊಡ್ಡ ಕಂಪನಿಗಳ ಹೆಸರು, ಅವುಗಳ ಜಾಹೀರಾತು, ಹಬ್ಬದ ರಿಯಾಯಿತಿ. ಆದರೆ ಈ ವ್ಯಾಪಾರದ ಮೂರು ದಶಕಗಳನ್ನು ಮೊದಲಿನಿಂದ ನೋಡುತ್ತ ಬಂದರೆ ಬೇರೆಯದೇ ಒಂದು ಎಳೆ ಕೈಗೆ ಸಿಗುತ್ತದೆ. ಜಾಹೀರಾತಿಗೆ ದುಡ್ಡಿಲ್ಲದ ಸಣ್ಣವರು ಒಬ್ಬರ ಸರಕಿನ ಬಗ್ಗೆ ಇನ್ನೊಬ್ಬರು ನಾಲ್ಕು ಜನರಿಗೆ ಹೇಳಿದರು, ತಮಗೆ ಗೊತ್ತಿದ್ದನ್ನು ಪಕ್ಕದವರಿಗೆ ಕಲಿಸಿದರು, ಒಟ್ಟಾಗಿ ಗಿರಾಕಿಯ ನಂಬಿಕೆ ಗಳಿಸಿದರು. ಅಂತರಜಾಲ ಮಾರುಕಟ್ಟೆಯ ಎಷ್ಟೋ ಉಪಾಯಗಳು ಹುಟ್ಟಿದ್ದು ಇಂಥ ಪರಸ್ಪರ ನೆರವಿನಿಂದಲೇ. ಅದರ ಲಾಭ ಕೊನೆಗೆ ಯಾರ ಕೈ ಸೇರಿತು ಎಂಬುದೂ ಇದೇ ಚರಿತ್ರೆಯ ಭಾಗ. ನೆರವಾದವರಿಗೇ ನೆರವಿನ ಫಲ ಉಳಿಯಬೇಕಾದರೆ ಏನಿರಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಡೆದು ಬಂದ ದಾರಿಯನ್ನು ನೋಡೋಣ.

ಕೊಂಡಿಗೆ ಕೊಂಡಿ

1995ರ ಹೊತ್ತಿಗೆ ಜಾಲತಾಣಗಳು ಸಾವಿರಗಟ್ಟಲೆ ಹುಟ್ಟುತ್ತಿದ್ದವು. ಅವನ್ನು ಹುಡುಕಿಕೊಡುವ ವ್ಯವಸ್ಥೆ ಮಾತ್ರ ಇನ್ನೂ ಎಳಸಾಗಿತ್ತು. ಒಂದು ತಾಣ ಇದೆಯೆಂದು ನಾಲ್ಕು ಜನರಿಗೆ ಗೊತ್ತಾಗಬೇಕಾದರೆ ಇನ್ನೊಂದು ತಾಣದಲ್ಲಿ ಅದರ ಕೊಂಡಿ ಇರಬೇಕಿತ್ತು. ಅಮೆರಿಕದ ಸೇಜ್ ವೈಲ್ ಎಂಬ ಹುಡುಗ ಆ ವರ್ಷ ‘ವೆಬ್‌ರಿಂಗ್’ ಶುರುಮಾಡಿದ. ಒಂದೇ ಆಸಕ್ತಿಯ ತಾಣಗಳು ಒಂದು ಸುತ್ತಾಗಿ ಸೇರಿಕೊಳ್ಳುತ್ತಿದ್ದವು. ಪ್ರತಿ ಪುಟದ ಅಡಿಯಲ್ಲಿ ‘ಹಿಂದಿನದು’, ‘ಮುಂದಿನದು’ ಎಂಬ ಎರಡು ಗುಂಡಿ. ಒತ್ತುತ್ತ ಹೋದರೆ ಎಲ್ಲರ ಮನೆಗೂ ಹೋಗಿ, ಹೊರಟಲ್ಲಿಗೇ ಬಂದು ತಲುಪಬಹುದಿತ್ತು. ಇದಕ್ಕೆ ಯಾರೂ ಯಾರಿಗೂ ದುಡ್ಡು ಕೊಡಬೇಕಿರಲಿಲ್ಲ.

ಮರುವರ್ಷ, 1996ರಲ್ಲಿ, ಟೋನಿ ಶೇ ಮತ್ತು ಸಂಜಯ್ ಮದನ್ ಎಂಬ ಇಬ್ಬರು ಯುವಕರು ‘ಲಿಂಕ್‌ಎಕ್ಸ್‌ಚೇಂಜ್’ ತೆರೆದರು. ಅದರ ಲೆಕ್ಕ ಸರಳವಾಗಿತ್ತು. ನಿಮ್ಮ ಪುಟದಲ್ಲಿ ಬೇರೆಯವರ ಜಾಹೀರಾತು ಎರಡು ಸಲ ಕಂಡರೆ, ನಿಮ್ಮದು ಬೇರೆ ಯಾರದೋ ಪುಟದಲ್ಲಿ ಒಂದು ಸಲ ಕಾಣುತ್ತದೆ. ಹಳ್ಳಿಯ ಮುಯ್ಯಾಳಿನ ರೂಢಿಯೂ ಹೀಗೆಯೇ: ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆದರೆ ಇಲ್ಲಿ ಎರಡಾಳು ಕಳಿಸಿದವರಿಗೆ ವಾಪಸು ಬಂದದ್ದು ಒಂದಾಳು. ಇನ್ನೊಂದು ಆಳಿನ ದುಡಿಮೆ ಲೆಕ್ಕ ಬರೆದುಕೊಂಡವರ ಪಾಲು. ಹಾಗೆ ಉಳಿದ ಜಾಗವನ್ನು ಕಂಪನಿ ಹಣ ಕೊಡುವ ಜಾಹೀರಾತುದಾರರಿಗೆ ಮಾರಿತು. 1998ರಲ್ಲಿ ಮೈಕ್ರೋಸಾಫ್ಟ್ ಇಡೀ ಕಂಪನಿಯನ್ನು 26.5 ಕೋಟಿ ಡಾಲರ್‌ಗೆ ಕೊಂಡಿತು. ಆ ಬೆಲೆ ಬಂದದ್ದು ತಮ್ಮ ಪುಟದಲ್ಲಿ ಜಾಗ ಬಿಟ್ಟುಕೊಟ್ಟ ಅಸಂಖ್ಯ ಸಣ್ಣ ತಾಣಗಳಿಂದ. ಆದರೆ ಅವರು ಅದರ ಪಾಲುದಾರರಾಗಿರಲಿಲ್ಲ. ವೆಬ್‌ರಿಂಗ್ ಕೂಡ ಕೈಯಿಂದ ಕೈಗೆ ದಾಟಿ, ಜಿಯೋಸಿಟೀಸ್ ಎಂಬ ಕಂಪನಿಯ ಮೂಲಕ 1999ರಲ್ಲಿ ಯಾಹೂ ಪಾಲಾಯಿತು.

ಅದೇ 1996ರ ಜುಲೈನಲ್ಲಿ ಅಮೆಜಾನ್ ತನ್ನ ‘ಅಸೋಸಿಯೇಟ್ಸ್’ ಯೋಜನೆ ತಂದಿತು. ತೋಟಗಾರಿಕೆಯ ಬಗ್ಗೆ ಬರೆಯುವವರು ತಮಗೆ ಮೆಚ್ಚಿಕೆಯಾದ ಪುಸ್ತಕದ ಕೊಂಡಿ ಹಾಕಬಹುದು, ಅದರಿಂದ ಮಾರಾಟವಾದರೆ ಕಮಿಷನ್. ಸಂಗೀತದ ಸಿಡಿ ಮಾರುತ್ತಿದ್ದ ಸಿಡಿನೌ ಇದಕ್ಕೂ ಮೊದಲೇ, 1994ರಲ್ಲಿ, ಇದನ್ನು ಮಾಡಿ ನೋಡಿತ್ತು. ನೆರವಿಗೆ ಬೆಲೆ ಕಟ್ಟುವ ಪದ್ಧತಿ ಇಲ್ಲಿಂದ ಗಟ್ಟಿಯಾಯಿತು. ಇಂದಿನ ಯೂಟ್ಯೂಬ್ ವಿಡಿಯೊಗಳ ಕೆಳಗೆ ಕಾಣುವ ‘ಖರೀದಿಗೆ ಲಿಂಕ್’ ಅದರ ವಂಶದ್ದೇ.

ಮುಖ ನೋಡದವರ ನಂಬಿಕೆ

ಕೊಂಡಿ ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ತರಬಲ್ಲದು. ದುಡ್ಡು ಕೊಡಲು ನಂಬಿಕೆ ಬೇಕು. 1995ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪಿಯರ್ ಒಮಿದ್ಯಾರ್ ‘ಆಕ್ಷನ್‌ವೆಬ್’ ಎಂಬ ಹರಾಜು ತಾಣ ತೆರೆದಾಗ (ಮುಂದೆ ಇದೇ ‘ಇಬೇ’ ಆಯಿತು) ಈ ಸಮಸ್ಯೆ ನೇರವಾಗಿ ಎದುರಾಯಿತು. ಮುಖ ನೋಡದ ಇಬ್ಬರ ನಡುವಿನ ಜಗಳವೆಲ್ಲ ಅವರ ಇಮೇಲ್‌ಗೆ ಬಂದು ಬೀಳತೊಡಗಿತು. 1996ರ ಫೆಬ್ರವರಿಯಲ್ಲಿ ಅವರು ಆ ಹೊಣೆಯನ್ನು ಬಳಕೆದಾರರಿಗೇ ವಹಿಸಿದರು. ವ್ಯವಹಾರ ಮುಗಿದ ಮೇಲೆ ಕೊಂಡವರು, ಮಾರಿದವರು ಒಬ್ಬರಿಗೊಬ್ಬರು ಅಂಕ ಕೊಡಬೇಕು: ಒಳ್ಳೆಯದಕ್ಕೆ ಒಂದು ಕೂಡು, ಕೆಟ್ಟದ್ದಕ್ಕೆ ಒಂದು ಕಳೆ, ನಡುವಿನದಕ್ಕೆ ಸೊನ್ನೆ. ಜತೆಗೆ ಎಲ್ಲರಿಗೂ ಕಾಣುವಂತೆ ನಾಲ್ಕು ಮಾತು. ಇಂದು ಹೋಟೆಲಿನಿಂದ ಹಿಡಿದು ಆಟೋದವರೆಗೆ ನಾವು ಕೊಡುವ ನಕ್ಷತ್ರಗಳಿಗೆಲ್ಲ ಇದು ಹಿರಿಯಣ್ಣ.

ಅಂಕದಷ್ಟೇ ಮುಖ್ಯವಾದದ್ದು ಅಲ್ಲಿನ ಸಂದೇಶ ಫಲಕದಲ್ಲಿ ನಡೆದ ಕಲಿಕೆ. ಸರಕಿನ ಫೋಟೊ ಹಾಕುವುದು ಹೇಗೆ, ಒಡೆಯುವ ವಸ್ತುವನ್ನು ಕಟ್ಟುವುದು ಹೇಗೆ ಎಂಬುದನ್ನು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಜಿಮ್ ಗ್ರಿಫಿತ್ ಎಂಬವರು ‘ಅಂಕಲ್ ಗ್ರಿಫ್’ ಎಂಬ ಹೆಸರಿನಲ್ಲಿ ಅಲ್ಲಿ ಬಂದವರ ಪ್ರಶ್ನೆಗೆಲ್ಲ ಉತ್ತರ ಕೊಡುತ್ತ ಕೂತಿರುತ್ತಿದ್ದರು. ಅವರನ್ನು ನೋಡಿ ಕಂಪನಿ 1996ರಲ್ಲಿ ತನ್ನ ಮೊದಲ ಗ್ರಾಹಕ ಸಹಾಯಕರಾಗಿ ಕರೆದುಕೊಂಡಿತು. ಹೊಸ ಮಾರಾಟಗಾರ ಚೆನ್ನಾಗಿ ಮಾರಿದರೆ ಇಡೀ ಪೇಟೆಗೇ ಹೆಸರು ಬರುತ್ತದೆ, ಅದರಿಂದ ತನಗೂ ಗಿರಾಕಿ ಬರುತ್ತಾರೆ ಎಂಬ ತಿಳಿವಳಿಕೆ ಆ ಹಳಬರಲ್ಲಿತ್ತು. ಸ್ಪರ್ಧಿಗೆ ಕಲಿಸುವುದು ನಷ್ಟದ ಬಾಬತ್ತಲ್ಲ ಎಂಬುದು ಆನ್‌ಲೈನ್ ಮಾರುಕಟ್ಟೆ ಕಂಡುಕೊಂಡ ದೊಡ್ಡ ಸತ್ಯ.

ನೆರವು ನಟನೆಯಾದಾಗ

ಆದರೆ ಅಂಕ ಪರಸ್ಪರವಾದಾಗ ಹಂಗೂ ಹುಟ್ಟಿತು. ನೀನು ಹೊಗಳಿದರೆ ನಾನು ಹೊಗಳುತ್ತೇನೆ, ನೀನು ತೆಗಳಿದರೆ ಸೇಡು ತೀರಿಸಿಕೊಳ್ಳುತ್ತೇನೆ. ಹೀಗಾಗಿ ಇಬೇಯಲ್ಲಿ ಬಹುಪಾಲು ಬರೀ ಹೊಗಳಿಕೆಯೇ ತುಂಬಿತು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನೇ ಕಂಪನಿ ನಿಲ್ಲಿಸಿತು. ಮಾರಾಟಗಾರರು ಸಿಟ್ಟಿಗೆದ್ದು ಪ್ರತಿಭಟಿಸಿದರೂ ನಿಯಮ ಬದಲಾಗಲಿಲ್ಲ.

ಕೊಂಡಿಗಳಿಗೂ ಇದೇ ಗತಿ ಬಂತು. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಿದ್ದು, ಒಂದು ತಾಣ ಇನ್ನೊಂದಕ್ಕೆ ಕೊಟ್ಟ ಕೊಂಡಿಯನ್ನು ಒಂದು ವೋಟಿನಂತೆ ಎಣಿಸುವ ತತ್ವದ ಮೇಲೆ. ಪ್ರಾಮಾಣಿಕ ಮೆಚ್ಚುಗೆಗೆ ಅಲ್ಲಿ ಬೆಲೆ ಸಿಕ್ಕಿತು. ಬೆಲೆ ಸಿಕ್ಕ ಕೂಡಲೇ ಖೋಟಾ ಮೆಚ್ಚುಗೆಯ ಕಾರ್ಖಾನೆಗಳೂ ಎದ್ದವು. ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಳ್ಳಲೆಂದೇ ಸಾವಿರಾರು ಟೊಳ್ಳು ತಾಣಗಳು ಬಂದವು. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು ಇಂಥವನ್ನು ಹುಡುಕಾಟದ ಫಲಿತಾಂಶದಲ್ಲಿ ಕೆಳಕ್ಕೆ ತಳ್ಳಿತು. ಇನ್‌ಸ್ಟಾಗ್ರಾಂ ಬಂದ ಮೇಲೆ ‘ಪಾಡ್’ ಎಂಬ ಗುಂಪುಗಳು ಹುಟ್ಟಿದವು. ಗುಂಪಿನ ಒಬ್ಬರು ಚಿತ್ರ ಹಾಕಿದ ತಕ್ಷಣ ಉಳಿದವರೆಲ್ಲ ನೋಡದೆಯೇ ಲೈಕ್ ಒತ್ತಿ, ‘ಸೂಪರ್’ ಎಂದು ಬರೆಯಬೇಕೆಂಬ ಕರಾರು ಅಲ್ಲಿತ್ತು.

ಮೇಲ್ನೋಟಕ್ಕೆ ಇದೂ ಪರಸ್ಪರ ನೆರವೇ. ಇಲ್ಲಿ ಮೋಸ ಹೋಗುವುದು ಮೂರನೆಯವರು, ಅಂದರೆ ಗಿರಾಕಿ. ಇದನ್ನು ತಡೆಯಲು ಸರಕಾರ ಮತ್ತು ಉದ್ಯಮ ಎರಡೂ ಮುಂದಾಗಬೇಕಾಯಿತು. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿಯಾದ ಆಸ್ಕಿ 2021ರಲ್ಲಿ, ಹಣ ಪಡೆದು ಮಾಡಿದ ಶಿಫಾರಸನ್ನು ಇನ್‌ಫ್ಲುಯೆನ್ಸರ್‌ಗಳು ಹಾಗೆಂದೇ ಹೇಳಬೇಕೆಂಬ ನಿಯಮ ತಂದಿತು. 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ಬಂತು. ಸಣ್ಣ ವ್ಯಾಪಾರಿಗಳ ಯಾವುದೇ ಗುಂಪು ಮೊದಲು ಕೇಳಿಕೊಳ್ಳಬೇಕಾದ ಮಾತು ಇದು: ನಾವು ಒಬ್ಬರನ್ನೊಬ್ಬರು ಎತ್ತಿ ಹಿಡಿಯುವುದರಿಂದ ಕೊಳ್ಳುವವರಿಗೆ ಏನು ಒಳ್ಳೆಯದಾಯಿತು?

ಊರಿಗೆ ಊರೇ ಅಂಗಡಿಯಾಗಿ

ನೆರೆಹೊರೆಯ ನೆರವು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಚೀನಾದ ಜಿಯಾಂಗ್ಸು ಪ್ರಾಂತ್ಯದ ಡಾಂಗ್‌ಫೆಂಗ್ ಹಳ್ಳಿ ಸಾಕ್ಷಿ. ಹಳೆ ಪ್ಲಾಸ್ಟಿಕ್ ಆಯ್ದು ಕರಗಿಸುವುದು ಅಲ್ಲಿನ ಕಸುಬಾಗಿತ್ತು. 2006ರಲ್ಲಿ ಸುನ್ ಹಾನ್ ಎಂಬ ಯುವಕ ಊರಿಗೆ ಮರಳಿ ಟಾವೊಬಾವೊ ತಾಣದಲ್ಲಿ ಅಂಗಡಿ ತೆರೆದ. ಶಾಂಘೈನಲ್ಲಿ ಕಂಡಿದ್ದ, ಬಿಡಿಬಿಡಿಯಾಗಿ ಕಳಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಪೀಠೋಪಕರಣಗಳನ್ನು ಊರ ಬಡಗಿಗಳಿಂದ ಮಾಡಿಸಿ ಮಾರತೊಡಗಿದ. ನೆಂಟರು, ಗೆಳೆಯರು ಬಂದು ಕೇಳಿದರು, ಕಲಿತರು. ಕೆಲವೇ ವರ್ಷಗಳಲ್ಲಿ ಹಲಗೆ ಕೊಯ್ಯುವವರು, ಸ್ಕ್ರೂ–ತಿರುಗಣಿ ಪೂರೈಸುವವರು, ಫೋಟೊ ತೆಗೆಯುವವರು, ರಟ್ಟಿನ ಪೆಟ್ಟಿಗೆ ಮಾಡುವವರು, ಕೊರಿಯರ್‌ನವರು ಎಲ್ಲರೂ ಒಂದೇ ಊರಿನಲ್ಲಿ ನೆಲೆಯಾದರು. ಒಂಟಿ ಅಂಗಡಿಗೆ ಸಿಗದ ಅಗ್ಗದ ಸಾಗಣೆ ದರ ಊರಿಗೆ ಸಿಕ್ಕಿತು.

ಇಂಥ ಊರುಗಳಿಗೆ ಟಾವೊಬಾವೊ ತಾಣದ ಒಡೆತನದ ಅಲಿಬಾಬಾ ಕಂಪನಿ ‘ಟಾವೊಬಾವೊ ಗ್ರಾಮ’ ಎಂದು ಹೆಸರಿಟ್ಟಿತು. ವರ್ಷಕ್ಕೆ ಒಂದು ಕೋಟಿ ಯುವಾನ್ ವಹಿವಾಟು, ಜತೆಗೆ ನೂರು ಅಂಗಡಿ ಅಥವಾ ಶೇ 10ರಷ್ಟು ಮನೆಗಳು ಈ ವ್ಯಾಪಾರದಲ್ಲಿರಬೇಕೆಂಬುದು ಅದರ ಅಳತೆ. 2009ರಲ್ಲಿ ಅಂಥವು 3 ಇದ್ದವು. 2020ಕ್ಕೆ 5,425 ಆದವು. ಆದರೆ ಎಲ್ಲರೂ ಅದೇ ಮೇಜು, ಅದೇ ಕುರ್ಚಿ ಮಾರತೊಡಗಿದಾಗ ನೆರೆಯವರ ನಡುವೆಯೇ ದರ ಇಳಿಸುವ ಪೈಪೋಟಿ ಬಂತು. ಕಲಿಸುವುದಕ್ಕೆ ಇದ್ದ ಔದಾರ್ಯದ ಜತೆ ಗುಣಮಟ್ಟ ಕಾಯುವ, ವಿನ್ಯಾಸ ಹಂಚಿಕೊಳ್ಳುವ ಕಟ್ಟಳೆಯೂ ಬೇಕು ಎಂಬುದನ್ನು ಆ ಊರುಗಳು ತೋರಿಸಿದವು.

ಮಳಿಗೆಯ ಒಡೆಯರು ಯಾರು?

ಕೈಕಸುಬಿನವರ ತಾಣವಾದ ಎಟ್ಸಿ 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾಯಿತು. ಅಲ್ಲಿ ಒಂದೇ ಊರಿನವರು, ಒಂದೇ ಕಸುಬಿನವರು ‘ಟೀಮ್’ ಕಟ್ಟಿಕೊಂಡು ಒಬ್ಬರ ಕೆಲಸವನ್ನು ಇನ್ನೊಬ್ಬರು ಪ್ರಚಾರ ಮಾಡುತ್ತಿದ್ದರು. ಆ ಒಗ್ಗಟ್ಟಿನ ಪ್ರೀತಿಯೇ ತಾಣದ ಹೆಸರಾಯಿತು. 2015ರಲ್ಲಿ ಕಂಪನಿ ಷೇರುಪೇಟೆಗೆ ಹೋಯಿತು. ಪ್ರತಿ ಮಾರಾಟದ ಮೇಲಿನ ಶುಲ್ಕ 2018ರಲ್ಲಿ ಶೇ 3.5ರಿಂದ 5ಕ್ಕೆ, 2022ರ ಏಪ್ರಿಲ್‌ನಲ್ಲಿ ಶೇ 6.5ಕ್ಕೆ ಏರಿತು. ಆಗ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿದರು. ಶುಲ್ಕ ಇಳಿಯಲಿಲ್ಲ, ಆದರೆ ಆ ಮುಷ್ಕರದಿಂದ ಮಾರಾಟಗಾರರ ಸ್ವಂತ ಸಂಘವೊಂದು ಹುಟ್ಟಿತು. ಲಿಂಕ್‌ಎಕ್ಸ್‌ಚೇಂಜ್‌ನ ಸದಸ್ಯರು ಕೇಳದೆ ಬಿಟ್ಟ ಪ್ರಶ್ನೆಯನ್ನು ಇವರು ಕೇಳಿದರು: ಪೇಟೆಗೆ ಕಳೆ ತಂದವರು ನಾವಾದರೆ, ನಿಯಮ ಬರೆಯುವಾಗ ನಮ್ಮನ್ನು ಕರೆಯುವುದಿಲ್ಲವೇಕೆ?

ನಮ್ಮ ನೆಲದ ಅನುಭವ

ಈ ಪ್ರಶ್ನೆಗೆ ಕರ್ನಾಟಕದಲ್ಲಿ ಹಳೆಯದೊಂದು ಉತ್ತರವಿದೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದರು. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘ ಸ್ಥಾಪಿಸಿದರು. ಅಡಿಕೆ ದರ ಕುಸಿದು ಕರಾವಳಿ ಕಂಗೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ಬಂತು. ಬೆಳೆದವರೇ ಮಾರುವ ವ್ಯವಸ್ಥೆಯ ಒಡೆಯರಾಗುವುದು ಇವೆಲ್ಲದರ ಜೀವಾಳ.

ಆನ್‌ಲೈನ್ ಯುಗದಲ್ಲಿ ಆ ಮನೋಭಾವ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ಸಿಗದಿದ್ದಾಗ ಅಂತರಜಾಲದಲ್ಲಿ ಪ್ರೇಕ್ಷಕರನ್ನೇ ಕೇಳಿದರು. 110 ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ಚಿತ್ರ ತೆರೆಗೆ ಬಂದಾಗ ಹಣ ಹಾಕಿದವರೇ ಅದರ ಪ್ರಚಾರಕರೂ ಆಗಿದ್ದರು. ಪಾಲು ಇದ್ದವರ ಮಾತಿಗೆ ಇರುವ ಕಸುವು ಕೂಲಿ ಪ್ರಚಾರಕ್ಕೆ ಬಾರದು.

2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೊ ಎಂಬ ಮಾರಾಟದ ಆ್ಯಪ್ ಇನ್ನೊಂದು ದಾರಿ ತೋರಿತು. ಮನೆಯಲ್ಲಿದ್ದ ಹೆಣ್ಣುಮಕ್ಕಳು ಸೀರೆ, ಕುರ್ತಾದ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ನೆಂಟರಿಷ್ಟರಿಗೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರಿದರು. ‘ಅಕ್ಕ, ಈ ಬಣ್ಣ ಒಗೆದರೆ ಹೋಗುತ್ತಾ?’ ಎಂದು ಕೇಳಿದವರಿಗೆ ಉತ್ತರ ಕೊಟ್ಟು ನಂಬಿಕೆ ಕಟ್ಟಿದವರು ಅವರೇ. ಮುಂದೆ ಗಿರಾಕಿಗಳು ನೇರವಾಗಿ ಆ್ಯಪ್‌ನಲ್ಲೇ ಕೊಳ್ಳತೊಡಗಿದಾಗ ಆ ನಡುವಿನ ಅಕ್ಕಂದಿರ ಪಾತ್ರ ಕುಗ್ಗಿತು.

2020ರ ಲಾಕ್‌ಡೌನ್‌ನಲ್ಲಿ ಮಾವು ಬೆಳೆಗಾರರು ರಾಜ್ಯ ಮಾವು ನಿಗಮದ ‘ಕರ್ಸಿರಿ ಮ್ಯಾಂಗೋಸ್’ ತಾಣದಲ್ಲಿ ತಮ್ಮದೇ ಹೆಸರಿನಲ್ಲಿ ಹಣ್ಣು ಮಾರಿದರು. ಅಂಚೆ ಇಲಾಖೆ 3 ಕೆ.ಜಿ. ಪೆಟ್ಟಿಗೆಗಳನ್ನು ಬೆಂಗಳೂರಿನ ಮನೆಬಾಗಿಲಿಗೆ ತಲುಪಿಸಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಜತೆಗೂಡಿ ‘ನಮ್ಮ ಯಾತ್ರಿ’ ಎಂಬ ಆಟೋ ಆ್ಯಪ್ ತಂದವು. ಪ್ರಯಾಣಿಕರು ಕೊಟ್ಟ ಬಾಡಿಗೆಯಲ್ಲಿ ಕಮಿಷನ್ ಕಡಿತವಿಲ್ಲ, ಚಾಲಕರು ಸಣ್ಣದೊಂದು ಚಂದಾ ಕಟ್ಟಿದರಾಯಿತು. ಅದೇ ವರ್ಷ ಒಎನ್‌ಡಿಸಿ ಎಂಬ ಮುಕ್ತ ಜಾಲ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಪ್ರಯೋಗ ಆರಂಭಿಸಿತು. ಒಂದು ಆ್ಯಪ್‌ನ ಅಂಗಡಿ ಇನ್ನೊಂದು ಆ್ಯಪ್‌ನ ಗಿರಾಕಿಗೂ ಕಾಣಬೇಕು ಎಂಬುದು ಅದರ ತತ್ವ.

ಉಳಿಯುವ ನೆರವು

ಈ ಮೂವತ್ತು ವರ್ಷಗಳು ಮೂರು ಮಾತು ಹೇಳುತ್ತವೆ. ನೆರವಿನಿಂದ ಗಿರಾಕಿಗೆ ನಿಜವಾದ ಪ್ರಯೋಜನ ಇರಬೇಕು, ಇಲ್ಲವಾದರೆ ಅದು ಪಾಡ್‌ಗಳಂತೆ ನಟನೆಯಾಗುತ್ತದೆ. ಕಲಿಸುವುದರ ಜತೆಗೆ ಗುಣಮಟ್ಟದ ಕಟ್ಟಳೆ ಇರಬೇಕು, ಇಲ್ಲವಾದರೆ ನೆರೆಯವರೇ ದರ ಮುರಿಯುತ್ತಾರೆ. ಲೆಕ್ಕ ಮತ್ತು ನಿಯಮ ನೆರವಾದವರ ಕೈಯಲ್ಲೇ ಇರಬೇಕು, ಇಲ್ಲವಾದರೆ ದುಡಿಮೆ ನಮ್ಮದು, ಬೆಲೆ ಬೇರೆಯವರದು. ಸಹಕಾರ ಸಂಘ ಎಂಬ ಫಲಕ ತೂಗುಹಾಕಿದರೆ ಇದೆಲ್ಲ ತಾನಾಗಿ ಬರುವುದಿಲ್ಲ. ಲೆಕ್ಕ ಕೇಳದ ಸದಸ್ಯರಿಂದಾಗಿ ಹಾಳಾದ ಸಂಘಗಳನ್ನೂ ನಮ್ಮ ನಾಡು ಕಂಡಿದೆ.

ಇಂದು ಹಪ್ಪಳ–ಉಪ್ಪಿನಕಾಯಿ ಮಾರುವ ಸ್ವಸಹಾಯ ಗುಂಪು, ಜೇನು ಮಾರುವ ರೈತರ ಕಂಪನಿ, ಪುಸ್ತಕ ಮಾರುವ ಸಣ್ಣ ಪ್ರಕಾಶಕರು ಎಲ್ಲರೂ ಯಾರದೋ ಆ್ಯಪ್‌ನಲ್ಲಿ ವ್ಯಾಪಾರ ಮಾಡಲೇಬೇಕಾಗಿದೆ. ಮಾಡಲಿ. ಆದರೆ ಗಿರಾಕಿಯ ಹೆಸರು, ಫೋನ್ ನಂಬರು ಅವರ ಒಪ್ಪಿಗೆಯಿಂದ ಗುಂಪಿನ ಸ್ವಂತ ಪುಸ್ತಕದಲ್ಲೂ ಇರಲಿ. ಫೋಟೊ ತೆಗೆಯುವುದು, ಕಟ್ಟುವುದು, ಕಳಿಸುವುದು ಇವುಗಳ ಖರ್ಚು ಹಂಚಿಕೊಳ್ಳಲಿ. ಕೆಟ್ಟ ಸರಕು ಕಳಿಸಿದ ಸದಸ್ಯರಿಗೆ ಏನು ಮಾಡಬೇಕೆಂಬುದನ್ನು ಮೊದಲೇ ಕೂತು ಬರೆದಿಟ್ಟುಕೊಳ್ಳಲಿ. ತಿಂಗಳಿಗೊಮ್ಮೆ ಲೆಕ್ಕ ಎಲ್ಲರ ಮುಂದೆ ತೆರೆಯಲಿ. ಹೀಗೆ ಮಾಡಿದ ಗುಂಪು ಒಂದು ಆ್ಯಪ್ ಶುಲ್ಕ ಏರಿಸಿದರೆ ಇನ್ನೊಂದಕ್ಕೆ ಹೋಗಬಲ್ಲದು, ತನ್ನ ಗಿರಾಕಿಗಳನ್ನೂ ಜತೆಗೆ ಕರೆದೊಯ್ಯಬಲ್ಲದು. ಸಣ್ಣವರಿಗೆ ಪೇಟೆಯಲ್ಲಿ ಸಿಗುವ ನಿಜವಾದ ಬಲ ಅದೇ, ಮತ್ತು ಅದು ಕೂಡಿದವರಿಗೆ ಮಾತ್ರ ಸಿಗುತ್ತದೆ.